ವಸ್ತಾದರು ಮುಟ್ಟದ ಕಾಲು

ಹೋದ ವಾರ ನಿಪ್ಪಾಣಿಯ ಬಸ್ಸಿನಲ್ಲಿ ಪಕ್ಕದ ಮುದುಕಿಯ ಮೈಯಿಂದ ಕರ್ಪೂರ ಹಾಕಿ ಕಾಯಿಸಿದ ಎಳ್ಳೆಣ್ಣೆಯ ವಾಸನೆ ಬಂತು. ಮಂಡಿಗೆ ಹಚ್ಚಿಕೊಂಡಿದ್ದಳೇನೋ... ನನಗೆ ಬೇಡಕಿಹಾಳದ ಗರಡಿಮನೆಯಲ್ಲಿ ಕುಸ್ತಿ ಕಲಿಸುತ್ತ, ಇದೇ ಎಣ್ಣೆ ಹಚ್ಚಿ ಮೈ ತಿಕ್ಕುತ್ತಿದ್ದ ವಸ್ತಾದರು ನೆನಪಾದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಯಜಮಾನರಿಗೆ ಮುಂಬೈಯಲ್ಲಿ ಹೃದಯದ ಬೈಪಾಸ್ ಆಪರೇಷನ್ ಆಗಿತ್ತು. ಎದೆಯ ನಡುವೆ ಉದ್ದಕ್ಕೆ ಹೊಲಿಗೆ. ರಕ್ತನಾಳ ತೆಗೆದ ಎಡಗಾಲಿನಲ್ಲಿ ಇನ್ನೊಂದು. ಊರಿಗೆ ಬಂದ ಮೇಲೆ, ಕೆಮ್ಮಿದರೆ ಎದೆ ಬಿರಿದೀತೆಂದು ಅವರು ಭುಜ ಮುದುಡಿಕೊಂಡೇ ಕೂರುತ್ತಿದ್ದರು. ಕತ್ತು, ಬೆನ್ನು ಕಟ್ಟಿಗೆಯಾಗಿದ್ದವು. ಅವರ ಉಸಿರನ್ನೇ ನೋಡುತ್ತ ನಾನೂ ಕೂರುತ್ತಿದ್ದೆ. ಭುಜ, ಬೆನ್ನು ಹಗುರವಾಗಿ ತಿಕ್ಕಿಸಬಹುದು, ಎದೆಯನ್ನೂ ಹೊಲಿಗೆಯ ಕಾಲನ್ನೂ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದರಿಂದ, ನಮ್ಮ ಓಣಿಯಲ್ಲೇ ಇದ್ದ ವಸ್ತಾದರನ್ನು ಕರೆದೆವು.

ಪೈಲವಾನರ ಮೈ ತಿಕ್ಕಿದ ಆ ದೊಡ್ಡ ಕೈಗಳನ್ನು ನೋಡಿಯೇ ನನ್ನ ಜೀವ ಹಾರಿತ್ತು. ದಿನಾ ಮಗ್ಗುಲಲ್ಲೇ ನಿಂತು ಕಾಯುತ್ತಿದ್ದೆ. "ಕಾಕಾ, ಎದಿ ಕಡೆ ಬ್ಯಾಡ್ರಿ," ಎಂದು ಮತ್ತೆ ಮತ್ತೆ ಹೇಳುತ್ತಿದ್ದೆ. ಅವರು ಒಂದು ಸಲವೂ ಬೇಸರಿಸಲಿಲ್ಲ. ಬೆರಳ ತುದಿಯಷ್ಟೇ ಆಡಿಸುತ್ತಿದ್ದರು. ನಾಲ್ಕನೆಯ ದಿನ ಯಜಮಾನರು ಕುಳಿತಲ್ಲೇ ತೂಕಡಿಸಿದಾಗ, ಸತ್ತೇ ಹೋದರೆಂದು ಚೀರಿಬಿಟ್ಟಿದ್ದೆ. ಎಷ್ಟೋ ದಿನಗಳ ಮೇಲೆ ಅವರಿಗೆ ನಿದ್ದೆ ಬಂದಿತ್ತು, ಅಷ್ಟೇ.

ಒಂದು ಮುಂಜಾನೆ ಯಜಮಾನರು, "ಬಲಗಾಲಿನ ಮೀನಖಂಡ ಹಿಡಕೊಂಡೈತ್ರಿ, ಇದನ್ನಷ್ಟು ತಿಕ್ಕರಿ," ಎಂದರು. ವಸ್ತಾದರು ಎರಡೂ ಕಾಲಿಗೆ ಮುಂಗೈ ತಾಗಿಸಿ ನೋಡಿದರು. ಕೈ ಹಿಂದೆಗೆದುಕೊಂಡರು.

"ಇದು ಬಾತೈತಿ, ಬಿಸಿನೂ ಐತಿ. ನಾ ತಿಕ್ಕಂಗಿಲ್ಲ."

"ಭಾಳ ತ್ರಾಸ ಆಗಾಕತ್ತೈತ್ರಿ ಅವರಿಗೆ. ಸ್ವಲ್ಪ ಹಗೂರಕ..." ಎಂದೆ ನಾನು.

"ಬ್ಯಾಡ ತಂಗಿ. ನನ್ನ ಕೈಗೇ ಅಂಜಿಕಿ ಬಂದೈತಿ. ಮೊದಲ ಜೀಪ್ ತರಸು."

ಅವರೂ ಜೀಪು ಹತ್ತಿ ಬಂದರು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ತಿಕ್ಕಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಎರವಾಗಬಹುದಿತ್ತು ಎಂದರು ದವಾಖಾನೆಯ ಡಾಕ್ಟರು. ತಿಕ್ಕಿರೆಂದು ಗೋಗರೆದವಳು ನಾನೇ ಅಲ್ಲವೇ...

ಯಜಮಾನರು ಗುಣವಾಗಿ ಬಂದು, ಡಾಕ್ಟರು ಒಪ್ಪಿದ ಮೇಲೆ ವಸ್ತಾದರು ಮತ್ತೆ ಬರತೊಡಗಿದರು. "ಕಾಕಾ, ಇನ್ನ ನಾ ನಿಂತು ಕಾಯಂಗಿಲ್ರಿ," ಎಂದೆ.

"ನಿಂದ್ರು ತಂಗಿ. ನೀ ನಿಂತ್ರ ನನಗೂ ಧೈರ್ಯ," ಎಂದರು.

ಆಮೇಲೆ ಯಜಮಾನರು ಹದಿನಾಲ್ಕು ವರ್ಷ ಬದುಕಿದರು. ಆ ವರ್ಷಗಳಲ್ಲೇ ವಸ್ತಾದರು ಲಕ್ವಾ ಹೊಡೆದು ಇಚಲಕರಂಜಿಯ ಮಗಳ ಮನೆ ಸೇರಿದ್ದರು. ಅವರನ್ನು ನೋಡಲು ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಎನ್ನುತ್ತಿದ್ದೆ... ಕೊನೆಗೆ ಅವರು ತೀರಿಹೋದ ಸುದ್ದಿಯೇ ಬಂತು. ಕೆಲಸವಿತ್ತು ಎಂದು ಎಲ್ಲರಿಗೂ ಹೇಳಿದೆ. ನಿಜವಾಗಿ, ಆ ಕೈಗಳು ಆಡದೆ ಬಿದ್ದಿರುವುದನ್ನು ನೋಡಲು ಅಂಜಿದ್ದೆ. ಇವತ್ತಿಗೂ ಇಚಲಕರಂಜಿಯ ಬಸ್ಸು ಎದುರಿಗೆ ಬಂದು ನಿಂತರೆ ಮುಖ ಆಚೆ ತಿರುಗಿಸುತ್ತೇನೆ.