ಆರತಿಗೆ ಮುಂಚೆ ಒಡೆದ ನಿಂಬೆಹಣ್ಣು

ನಾನು ರೊಟ್ಟಿ ಬಡಿಯುತ್ತಿದ್ದಾಗ "ಅವ್ವಾ, ಜೀಪ್ ಬಂತು!" ಎಂದು ಮಗಳು ಉಮಾ ಕೂಗಿದಳು. ಹದಿನೆಂಟು ತುಂಬಿ ಅವಳಿಗೆ ಆಗಷ್ಟೇ ಲೈಸೆನ್ಸ್ ಸಿಕ್ಕಿತ್ತು. ಅಕ್ಕಲಕೋಟೆಯಿಂದ ಸೊಲ್ಲಾಪುರದ ಕಾಲೇಜಿಗೆ ಲಾರಿಗಳ ನಡುವೆ ಓಡಿಸಬೇಕು, ಅಗ್ಗದ್ದಾದರೂ ಗಟ್ಟಿ ಗಾಡಿ ಇರಲಿ ಎಂದು ನಮ್ಮವರು ದುಧನಿಯ ಒಬ್ಬರಿಂದ ಹಳೆಯ ಜೀಪ್ ತರಿಸಿದ್ದರು. ವ್ಯವಹಾರ ಇನ್ನೂ ಮುಗಿದಿರಲಿಲ್ಲ. ಆದರೂ ಪೂಜೆಯಾಗದೆ ಗಾಡಿ ಹತ್ತಬಾರದೆಂಬುದು ನಮ್ಮ ಮನೆಯ ಪದ್ಧತಿ.

ಇಳಿಜಾರಿನ ನಮ್ಮ ಓಣಿಯಲ್ಲಿ ಜೀಪ್ ನಿಲ್ಲಿಸಿ ಮಾರುವವರು ಕೆಳಗಿಳಿದರು. ನಾನು ಮುಂದಿನ ಗಾಲಿಗಳ ಅಡಿಗೆ ನಿಂಬೆಹಣ್ಣು ಇಟ್ಟು ಆರತಿ ಎತ್ತಿದೆ. ಗಾಡಿಯೊಳಗೆ ಯಾರೂ ಇಲ್ಲ, ಆರತಿಯೂ ಮುಗಿದಿಲ್ಲ, ಹಣ್ಣು ಪಚಕ್ಕನೆ ಒಡೆಯಿತು!

"ನೋಡ್ರಿ ವೈನಿ, ದೇವರೇ ಒಪ್ಪಿಗಿ ಕೊಟ್ಟಾನ!" ಎಂದು ಮಾರುವವರು ಕೈಮುಗಿದರು. ನಮ್ಮವರೂ ಮುಗಿದರು.

ಉಮಾ ಓಡಿಹೋಗಿ ಗಾಲಿಗೆ ಕಲ್ಲು ಕೊಟ್ಟಳು. ಒಳಗೆ ಇಣುಕಿ, "ಒಪ್ಪಿಗಿ ಅಲ್ರಿ ಕಾಕಾ, ಹ್ಯಾಂಡ್‌ಬ್ರೇಕ್ ಎಳದಿದ್ರೂ ಗಾಡಿ ಜಾರಾಕತ್ತದ," ಎಂದಳು.

"ದೇವರು ಹೇಳಿದ್ದು ಖರೇನ ಅದ," ಎಂದೆ ನಾನು. "ಬ್ಯಾಡ ಅಂತ ಹೇಳ್ಯಾನ. ಗಾಡಿ ವಾಪಸ್ ಒಯ್ರಿ." ನಮ್ಮವರು ಮುಗಿದ ಕೈ ಇಳಿಸಿದರು.

ಮುಂದೆ ವಳಸಂಗದಲ್ಲಿ ಸಿಕ್ಕ ಜೀಪನ್ನು ಉಮಾಳೇ ಏರಿನಲ್ಲಿ ನಿಲ್ಲಿಸಿ ಬ್ರೇಕ್ ನೋಡಿ ಒಪ್ಪಿದಳು. ಆದರೆ ಅವಳನ್ನು ಆ ಲಾರಿಗಳ ರಸ್ತೆಗೆ ಕಳಿಸುವ ನನ್ನ ಅಂಜಿಕೆ ಹೋಗಿದ್ದು ನಿಂಬೆಹಣ್ಣು ಒಡೆದ ದಿನವೇ. ನೋಡುವ ಕಣ್ಣನ್ನು ದೇವರು ಅವಳಿಗೆ ಕೊಟ್ಟಿದ್ದ. ಅವತ್ತು ಜೀಪ್ ತಿರುಗಿ ಹೋಗುವಷ್ಟರಲ್ಲಿ ನಲ್ಲಿಗೆ ನೀರು ಬಂತು, ಕೊಡ ತುಂಬಲು ಹೋದೆ.