ಕೆಲಸವಿಲ್ಲದ ಕಾಕು

ಒಣಮೆಣಸಿನಕಾಯಿಯ ಘಾಟಿಗೆ ಕೆಮ್ಮುವಾಗ, ಅದರ ತೊಟ್ಟು ಬಿಡಿಸಿದವರು ಯಾರೆಂದು ನೀವು ಎಂದಾದರೂ ಕೇಳಿಕೊಂಡಿದ್ದೀರಾ? ನನಗಂತೂ ಆ ಘಾಟು ತಾಗಿದೊಡನೆ ಬ್ಯಾಡಗಿಯ ನಮ್ಮ ಮನೆಯ ಪಡಸಾಲೆ ಕಣ್ಣಮುಂದೆ ಬರುತ್ತದೆ: ಮಂಡಿಯೆತ್ತರದ ಕೆಂಪು ರಾಶಿ, ಅದರ ಪಕ್ಕ ಕಾಲು ಚಾಚಿ ಕುಳಿತ ನನ್ನ ಚಿಕ್ಕಮ್ಮ ಕಾಕು, ಉರಿ ತಡೆಯಲೆಂದು ಆಕೆ ಬೆರಳಿಗೆ ಸವರಿಕೊಂಡ ಕೊಬ್ಬರಿ ಎಣ್ಣೆಯ ಮಂದ ವಾಸನೆ. ಪೇಟೆಯಲ್ಲಿ ಅಂಗಡಿಯಿಟ್ಟಿದ್ದ ಕಾಕಾ ತಂದು ಸುರಿದ ಚೀಲಗಳೆಲ್ಲ ಆಕೆಯ ಕೈಯಲ್ಲೇ ಹಸನಾಗಬೇಕಿತ್ತು. ಆದರೂ ಬಂದವರು "ಮನ್ಯಾಗಿನವ್ರು ಏನ್ ಮಾಡ್ತಾರ್ರಿ?" ಎಂದರೆ ಆ ಮಹಾನುಭಾವರು, "ಏನಿಲ್ರಿ, ಆರಾಮ ಕುಂತಿರ್ತಾಳ" ಎನ್ನುತ್ತಿದ್ದರು.

ಸುಗ್ಗಿಯ ಒಂದು ಸಂಜೆ ಕಾಕುವಿನ ತವರು ಐರಣಿಯಿಂದ ಫೋನು ಬಂತು. ಆಕೆಯ ತಾಯಿಯ ಕಾಯಿಲೆ ಉಲ್ಬಣಿಸಿತ್ತು.

"ನಾಕ್ ದಿನ ಸೂಟಿ ಕೊಡ್ರಿ, ಅವ್ವನ್ನ ನೋಡ್ಕೊಂಡ್ ಬರ್ತೇನ್ರಿ."

"ಚೀಲ ಬಿದ್ದಾವ, ಕಾಣವಲ್ತೇನು? ಸೂಟಿ ಅಂತ ಸೂಟಿ! ಸೂಟಿ ಕೆಲಸ ಮಾಡೋರಿಗೆ. ನಿಂದೇನೈತಿ, ವರ್ಷಪೂರ್ತಿ ಸೂಟೀನ."

ಆಕೆಯಿಲ್ಲದೆ ಚೀಲ ಹಸನಾಗವು. ಆದರೆ ಆಕೆ ಮಾಡುವುದು ಕೆಲಸವಲ್ಲ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಕ್ಷಣಕಾಲವೂ ನಿಲ್ಲದ ಈ ವಾದ ನಮ್ಮ ಪಡಸಾಲೆಯಲ್ಲಿ ಸಲೀಸಾಗಿ ಗೆದ್ದಿತು. ಆ ವರ್ಷ ನನಗೆ ಬಹುಮಾನವಾಗಿ ಬಂದಿದ್ದ ನಿಘಂಟನ್ನು ತಂದು, 'ಕೆಲಸ' ಎಂಬುದರ ಅರ್ಥವನ್ನು ಗಟ್ಟಿಯಾಗಿ ಓದಿದೆ: ಕಾರ್ಯ, ದುಡಿಮೆ.

"ಕಾಕಾ, ಗಂಡಸರದಷ್ಟ ಕೆಲಸ ಅಂತ ಇದರಾಗ ಎಲ್ಲೂ ಬರದಿಲ್ಲ."

"ವಕೀಲಬಾಯಿ ಬಂದ್ಳಪಾ! ಆ ಪುಸ್ತಕಾ ಬರದಾಂವ ಪ್ಯಾಟ್ಯಾಗ ಒಂದ್ ಚೀಲಾನರ ಮಾರ್ಯಾನೇನು, ಕೇಳು."

ಕಾಕು ತಲೆಯೆತ್ತಲಿಲ್ಲ. "ಇರ್ಲಿ ಬಿಡವಾ. ಅಭ್ಯಾಸ ಮಾಡ್ಹೋಗು."

ರಾಶಿ ಕರಗುವ ಮೊದಲೇ ಐರಣಿಯಿಂದ ಮತ್ತೊಮ್ಮೆ ಫೋನು ಬಂತು. ಈ ಸಲ ಹೊರಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಖಾರದ ಕೈಯನ್ನು ಕಣ್ಣಿಗೆ ತಾಗಿಸುವಂತಿರಲಿಲ್ಲವಾದ್ದರಿಂದ, ಕಾಕು ತೋಳಿಗೆ ಮುಖ ಒರೆಸಿಕೊಂಡು ಎದ್ದಳು. ಕಾಕಾನಿಗೆ, ಪಾಪ, ಪೇಟೆಗೆ ಹೋಗುವುದಿತ್ತು. "ಮುಂದ ನಡಿ, ಬರ್ತೇನಿ" ಎಂದರು.

ಆ ಮನೆ ಈಗಿಲ್ಲ. ಕಾಕಾ, ಕಾಕು ಇಬ್ಬರೂ ಇಲ್ಲ. ಇಂದು ಹಾವೇರಿಯ ಸಭೆಗಳಲ್ಲಿ, ರಾಣೆಬೆನ್ನೂರಿನ ಓದಿದವರ ಮನೆಗಳಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಪದವೀಧರರು "ನಮ್ಮನ್ಯಾಕಿ ಏನೂ ಮಾಡಂಗಿಲ್ರಿ" ಎಂದು ನಗುವುದನ್ನು ಕೇಳುತ್ತೇನೆ. ಕಾಕಾನಿಗೆ ಓದಿಲ್ಲವೆಂಬ ನೆಪವಾದರೂ ಇತ್ತು. ಇವರ ಕಪಾಟಿನಲ್ಲಿ ನಿಘಂಟಿದೆ, ಅದರ ಮೇಲೆ ಧೂಳಿದೆ. ಆ ಅಂಗಿಯನ್ನು ಇಸ್ತ್ರಿ ಮಾಡಿದವಳು ಒಳಗೆ ಚಹಾ ಸೋಸುತ್ತಿದ್ದಾಳೆ.

ಇವರ ಮನಸ್ಸು ತಿದ್ದುವ ಭರವಸೆ ನನಗಿಲ್ಲ. ನಿಮ್ಮಲ್ಲಿ ನನ್ನ ಕೋರಿಕೆ ಒಂದೇ: ನಿಮ್ಮ ಮನೆಯ ಹೆಣ್ಣುಮಗಳು ಅವ್ವನನ್ನು ನೋಡಿ ಬರುತ್ತೇನೆಂದರೆ, ಅಂದೇ ಬಸ್ಸು ಹತ್ತಿಸಿ.