ಕತ್ತೆತ್ತಿ ನೋಡಿದ ಕ್ಷೌರಿಕ

ವರ್ಷಗಟ್ಟಲೆ ಊರವರ ತಲೆಗಳ ಮೇಲೆ ಬಗ್ಗಿ ನಿಂತು ನಿಂತು ಕ್ಷೌರಿಕನ ಕತ್ತು ಕೊನೆಗೆ ಮುಷ್ಕರ ಹೂಡಿತು. "ದಿನಾ ಸಂಜೆ ಸ್ವಲ್ಪ ಹೊತ್ತು ಮುಖ ಮೇಲೆ ಮಾಡಿ ಕೂತ್ಕೊಳ್ಳಿ" ಎಂದರು ಡಾಕ್ಟರು.

ಬಾಯಿ ಮುಚ್ಚಿ ಕೂತು ಅಭ್ಯಾಸವಿಲ್ಲದ ಮನುಷ್ಯ. ಅಂಗಡಿಯನ್ನು ಕೆಲಸದವನಿಗೆ ಒಪ್ಪಿಸಿ ತಾರಸಿಯ ಮೇಲೆ ಸ್ಟೂಲು ಹಾಕಿಕೊಂಡು ಕೂತ. ಬೇಸಗೆಯ ಬಿಸಿ ಇನ್ನೂ ಕಾಲಿಗೆ ತಾಗುತ್ತಿತ್ತು. ಕತ್ತಲಾಗುವ ಮೊದಲೇ ಪಡುವಣದಲ್ಲಿ ಬೆಳ್ಳನೆಯದೊಂದು ಚುಕ್ಕಿ ಕಂಡಿತು.

"ಏನೇ ಅದು?"

ಒಣಗಿದ ಬಟ್ಟೆ ತೆಗೆಯುತ್ತಿದ್ದ ಹೆಂಡತಿ ಕತ್ತು ಕೂಡ ಎತ್ತಲಿಲ್ಲ. "ವಿಮಾನ ಇರ್ಬೇಕು ಕಣ್ರೀ."

ಆ ವಿಮಾನ ಎಷ್ಟು ಹೊತ್ತಾದರೂ ಕದಲಲಿಲ್ಲ.

ಮರುದಿನ ಸಂಜೆ ಗಡ್ಡಕ್ಕೆ ಬಂದ ಸ್ಕೂಲ್ ಮೇಷ್ಟ್ರನ್ನು ಕೇಳಿದ.

"ಮಿಣುಕುತ್ತಾ?" ಎಂದರು ಮೇಷ್ಟ್ರು.

"ಇಲ್ಲ ಸಾರ್, ಗಟ್ಟಿಯಾಗಿ ನಿಂತಿದೆ."

"ಹಾಗಾದ್ರೆ ಗ್ರಹ. ಶುಕ್ರ."

ಕ್ಷೌರಿಕನಿಗೆ ತಡೆಯಲಾಗಲಿಲ್ಲ. ಅರ್ಧ ಕೆನ್ನೆಯ ನೊರೆಯ ಸಮೇತ ಮೇಷ್ಟ್ರನ್ನು ಬೀದಿಗೆ ಎಳೆದುಕೊಂಡು ಬಂದ. ಎದುರಂಗಡಿಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದ. ಮೇಷ್ಟ್ರು ಶುಕ್ರನನ್ನು ತೋರಿಸಿದರು. ಕತ್ತಲೆ ಏರಿದ ಮೇಲೆ ಉತ್ತರಕ್ಕೆ ತಿರುಗಿ ಸಪ್ತರ್ಷಿ ಮಂಡಲವನ್ನು, ಅದರ ಬಾಲದ ಬಾಗು ಹಿಡಿದು ಹೋದರೆ ಸಿಗುವ ಸ್ವಾತಿಯನ್ನು ತೋರಿಸಿದರು. "ವೃಶ್ಚಿಕ ಆಗ್ನೇಯದಲ್ಲಿ ಏಳುತ್ತೆ, ನೀವೇ ಹುಡುಕಿ. ಈಗ ನನ್ನ ಮುಖ ಒಣಗ್ತಿದೆ ಮಾರಾಯ್ರೇ!"

ಸುದ್ದಿ ಕೇಳಿ ಹೆಂಡತಿ ನಕ್ಕಳು. "ಅಂತೂ ನಿಮಗೆ ಶುಕ್ರದೆಸೆ ಬಂತು ಅನ್ನಿ."

ಆದರೆ ಅಂದಿನಿಂದ ಅವಳಿಗೂ ಬಟ್ಟೆ ಮಡಿಸುವ ಕೆಲಸ ತಾರಸಿಯಲ್ಲೇ ಆಯಿತು. ವೃಶ್ಚಿಕ ಮಾತ್ರ ಇವನಿಗೆ ಸಿಗಲೊಲ್ಲದು. ಒಂದು ದಿನ ಮೋಡ, ಇನ್ನೊಂದು ದಿನ ಬೀದಿದೀಪದ ಕಾಟ. ಕೊನೆಗೊಂದು ಸಂಜೆ ಅವಳು ಮಡಿಸುತ್ತಿದ್ದ ಹೊದಿಕೆ ಕೈಬಿಟ್ಟು ಕೂಗಿದಳು: "ಅಲ್ನೋಡ್ರೀ, ಕೊಂಡಿ ಎತ್ಕೊಂಡು ಚೇಳೇ ಕೂತಿದೆ!"

"ಎಲ್ಲೇ?"

"ಆ ಕೆಂಪು ಚುಕ್ಕಿ ಕಾಣ್ಸಲ್ವಾ? ಅದರ ಕೆಳಗೆ ಬಾಲ."

"ಇಲ್ವಲ್ಲೇ..."

ಅವಳು ಹಿಂದೆ ನಿಂತು ಅವನ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಮೆಲ್ಲಗೆ ಬಲಕ್ಕೆ ತಿರುಗಿಸಿದಳು. "ಅಲ್ಲಾಡ್ಬೇಡಿ."

ಕಂಡಿತು. ಕಂಡ ಮೇಲೂ ಅವನು ಅಲ್ಲಾಡಲಿಲ್ಲ, ಅವಳೂ ಕೈ ತೆಗೆಯಲಿಲ್ಲ. ಕೆಳಗಿನಿಂದ ಸೀದ ವಾಸನೆ ಬಂದಾಗಲೇ, "ಅಯ್ಯೋ, ಒಲೆ!" ಎಂದು ಇಬ್ಬರೂ ಮೆಟ್ಟಿಲಿಳಿದು ಓಡಿದ್ದು.

ತಳ ಹಿಡಿದ ಅಡುಗೆಯನ್ನು ಅವನು ತುಟಿಪಿಟಿಕ್ಕೆನ್ನದೆ ಉಂಡ. ಮರುದಿನ ಕುರ್ಚಿಯಲ್ಲಿ ಕೂತವರಿಗೆಲ್ಲ, ಅವರು ಕೇಳಲಿ ಬಿಡಲಿ, ಹೇಳಿದ್ದೇ ಹೇಳಿದ್ದು: "ಚೇಳು ಹಿಡಿದಿದ್ದು ನಮ್ಮನೆಯವಳು, ಗೊತ್ತಾ?"